ಕಹಿಯ ಕೊಳಗ ಯಾರ ಕೈಯಲ್ಲಿದೆ?

ನಮ್ಮ ಪದ್ಯಗಳ ಬಗ್ಗೆ ಪಂಡಿತರು ಹೇಳುತ್ತ ಬಂದಿರುವ ಮಾತು ಒಂದೇ: ಕಹಿ ಜಾಸ್ತಿ. ಕಹಿ ಇರಲಿ, ಆದರೆ ಹದ ಇರಬೇಕು. ಸಿಟ್ಟು ಇರಲಿ, ಆದರೆ ಅದು ಕಲೆಯಾಗಬೇಕು. ನಾಲಗೆಗೆ ಒರಟಾದದ್ದು ಎದೆಗೆ ಇಳಿಯುವುದಿಲ್ಲ. ಈ ಉಪದೇಶ ಕೇಳಿ ಕೇಳಿ ನಮ್ಮ ಕಿವಿ ಜಡ್ಡುಗಟ್ಟಿದೆ. ಆದರೆ ಬೆಂಗಳೂರಿನಲ್ಲಿ ಒಂದು ಚೋದ್ಯ ಕಂಡೆವು. ಇದೇ ಅಭಿರುಚಿಯ ಜನ ಒಂದು ಗ್ಲಾಸಿಗೆ ನಾನೂರು ರೂಪಾಯಿ ಮೇಲೆ ಕೊಟ್ಟು, ಹಾಗಲಕಾಯಿಯನ್ನೂ ನಾಚಿಸುವ ಕಹಿಯನ್ನು ಕಣ್ಣು ಮುಚ್ಚಿ ಗುಟುಕರಿಸುತ್ತ ತಲೆದೂಗುತ್ತಾರೆ. ಗ್ಲಾಸಿನಲ್ಲಿ ಕಹಿ ಬಂದರೆ ಸಂಸ್ಕಾರ, ಪದ್ಯದಲ್ಲಿ ಕಹಿ ಬಂದರೆ ಸಂಸ್ಕಾರಹೀನತೆ! ಇದೆಂಥ ನ್ಯಾಯ ಸ್ವಾಮಿ? ಊಟದ ಆರು ರುಚಿಗಳಲ್ಲಿ ಕಹಿಗೆ ಜಾಗ ಉಂಟು. ಕಾವ್ಯದ ಒಂಬತ್ತು ರಸಗಳಲ್ಲಿ ಅದಕ್ಕೆ ಎಲೆ ಹಾಕಿದವರಿಲ್ಲ.

ಆ ಪಾನೀಯದ ಹೆಸರು ಇಂಡಿಯಾ ಪೇಲ್ ಏಲ್. ಬಾಯಿಮಾತಿನಲ್ಲಿ ಐಪಿಎ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಕೇರಿಗಳಿಂದ ಮೊದಲ ಸಲ ಡಿಗ್ರಿ ಕಾಗದ ಹಿಡಿದು ಹೊರಟ ನಾವು ನಾಲ್ಕೈದು ಜನ ಅದನ್ನು ಕುಡಿದು ನೋಡಿದ್ದೇವೆ, ಅದನ್ನು ತೂಗುವ ಪಟ್ಟಿಯನ್ನೂ ಓದಿದ್ದೇವೆ. ಇಲ್ಲಿ ಅದನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಕುಡಿತಕ್ಕೂ ವಿಮರ್ಶೆಯೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ರುಚಿಯ ತೀರ್ಪು ಎಲ್ಲಿ ನಡೆಯುತ್ತದೋ ಅಲ್ಲಿ ಅಧಿಕಾರವೂ ನಡೆಯುತ್ತಿರುತ್ತದೆ. ಅದು ಪುಸ್ತಕವಾದರೇನು, ಪೀಪಾಯಿಯಾದರೇನು?

1

ಹೆಸರಿನಿಂದಲೇ ಶುರು ಮಾಡೋಣ. ಇಂಡಿಯಾ ಪೇಲ್ ಏಲ್ ಎಂಬುದರಲ್ಲಿ ಇಂಡಿಯಾ ಎಲ್ಲಿದೆ? ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಇಂಗ್ಲೆಂಡಿನದು. ಕಹಿ ಕೊಡುವ ಹಾಪ್ಸ್ ಹೂವೂ ಅಲ್ಲಿನದೇ. ಕುದಿಸಿದ್ದು ಲಂಡನ್ನಿನ ಬೋ ಎಂಬಲ್ಲಿ, ಹಡಗುಕಟ್ಟೆಗೆ ಹತ್ತಿರವಿದ್ದ ಹಾಡ್ಜ್‌ಸನ್ ಮನೆತನದ ಬ್ರೂವರಿಯಲ್ಲಿ. 18ನೇ ಶತಮಾನದ ಕೊನೆಯ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಕಪ್ತಾನರು ಈ ಪೀಪಾಯಿಗಳನ್ನು ತಮ್ಮ ಖಾಸಗಿ ವ್ಯಾಪಾರಕ್ಕೆಂದು ಕಲ್ಕತ್ತ, ಮದ್ರಾಸುಗಳಿಗೆ ತಂದರು. ಆಫ್ರಿಕದ ತುದಿ ಸುತ್ತಿ ಬರುವ ತಿಂಗಳುಗಟ್ಟಲೆ ಪಯಣ; ದಾರಿಯಲ್ಲಿ ಎರಡು ಸಲ ಭೂಮಧ್ಯರೇಖೆಯ ಸೆಕೆ. ಕೆಡದಿರಲಿ ಎಂದು ಹಾಪ್ಸ್ ಹೆಚ್ಚಿಗೆ ಸುರಿದರು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಾಪ್, ಬ್ಯಾಸ್ ಮುಂತಾದವರು ಪೈಪೋಟಿಗೆ ಇಳಿದರು. ಅಲ್ಲಿನ ಜಿಪ್ಸಂ ತುಂಬಿದ ಗಡಸು ನೀರಿನಲ್ಲಿ ಈ ಕಹಿ ಇನ್ನೂ ಚೊಕ್ಕವಾಗಿ ಎದ್ದು ನಿಂತಿತು. 1830ರ ದಶಕಕ್ಕೆ ಇಂಡಿಯಾ ಪೇಲ್ ಏಲ್ ಎಂಬ ಹೆಸರು ಜಾಹೀರಾತುಗಳಲ್ಲಿ ಓಡಾಡತೊಡಗಿತು.

ಕುಡಿದವರು ಯಾರು? ಕಂಪನಿಯ ಅಧಿಕಾರಿಗಳು, ವರ್ತಕರು. ಬಿಳಿಯ ಸಾಮಾನ್ಯ ಸಿಪಾಯಿಯ ಪಾಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಪೋರ್ಟರ್ ಎಂಬ ಕಪ್ಪು ಬಿಯರು, ಇಲ್ಲವೇ ಇಲ್ಲಿನ ಸಾರಾಯಿ. ಬಿಳಿಯರ ಒಳಗೇ ಇಷ್ಟು ಪಂಕ್ತಿಭೇದ ಇದ್ದಮೇಲೆ ಪೀಪಾಯಿ ಹೊತ್ತು ಬೆನ್ನು ಬಾಗಿದ ಕೂಲಿಯವನ ಸುದ್ದಿ ಕೇಳುವವರು ಯಾರು? ಅದೇ ಕಾಲದಲ್ಲಿ, 1830–31ರಲ್ಲಿ, ಈಗ ಹೊಸನಗರ ತಾಲೂಕಿನಲ್ಲಿರುವ ನಗರದ ಸೀಮೆಯ ರೈತರು ಕಂದಾಯದ ಸುಲಿಗೆ ತಾಳಲಾರದೆ ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಹಾಗಾಗಿ ಈ ಹೆಸರಿನೊಳಗಿರುವ ಇಂಡಿಯಾ ಎಂದರೆ ಜನರಲ್ಲ, ಮಾರುಕಟ್ಟೆ. ನಮ್ಮನ್ನು ಲೇಬಲ್ಲಿನ ಮೇಲೆ ಅಂಟಿಸಿದರು, ಲೋಟದ ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ.

ಮುಂದೆ ಇಂಗ್ಲೆಂಡೇ ಇದನ್ನು ಬಹುಮಟ್ಟಿಗೆ ಮರೆತಿತು. 1970ರ ದಶಕದಲ್ಲಿ ಅಮೆರಿಕದ ಸಣ್ಣ ಬ್ರೂವರಿಗಳು, 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹೊಸ ಹಾಪ್ಸ್ ತಳಿ ಹಿಡಿದು, ಮತ್ತೆ ಎಬ್ಬಿಸಿ ಕೂರಿಸಿದವು. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ತೆರೆಯಿತು; ಅದರ ಹಿಂದೆ ಬೆಂಗಳೂರಿನಲ್ಲಿ ಇಂಥ ಮನೆಗಳು ಸಾಲುಗಟ್ಟಿದವು. ಇನ್ನೂರು ವರ್ಷ ಊರೂರು ಸುತ್ತಿ ಇಂಡಿಯಾದ ಹೆಸರಿನ ಬಿಯರು ಇಂಡಿಯಾಕ್ಕೆ ಮರಳಿತು, ಈ ಸಲ ಅಮೆರಿಕದ ರಹದಾರಿ ಹಿಡಿದುಕೊಂಡು.

2

ಈಗ ತೀರ್ಪಿನ ಪಟ್ಟಿ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಮ್ ಎಂಬ ಸಂಸ್ಥೆಯ ಪಟ್ಟಿಯನ್ನೇ ಎಲ್ಲ ಕಡೆ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯೊಳಗಿನ ಸ್ಪರ್ಶಕ್ಕೆ 5, ಒಟ್ಟು ಅನಿಸಿಕೆಗೆ 10. ಕಹಿಯನ್ನೂ ಅಳೆಯುತ್ತಾರೆ, ಆ ಮಾನಕ್ಕೆ ಐಬಿಯು ಎಂದು ಹೆಸರು. ಸಾಮಾನ್ಯ ಅಮೆರಿಕನ್ ಲಾಗರಿಗೆ 8ರಿಂದ 18 ಇದ್ದರೆ ಅಮೆರಿಕನ್ ಐಪಿಎಗೆ 40ರಿಂದ 70 ಇರಬೇಕು.

ಈ ಪಟ್ಟಿ ನಮಗೆ ಇಷ್ಟವಾಯಿತು, ಮುಚ್ಚುಮರೆ ಏನಿಲ್ಲ. ರಸಾನುಭವ ಮಾತಿಗೆ ಸಿಕ್ಕುವಂಥದ್ದಲ್ಲ ಎಂದು ಕಣ್ಣು ತೇಲಿಸುವ ಕಾವ್ಯಮೀಮಾಂಸೆಗಿಂತ ಇದು ಎಷ್ಟೋ ಪ್ರಾಮಾಣಿಕ. ಯಾವುದಕ್ಕೆ ಎಷ್ಟು ಕೊಟ್ಟೆ, ಯಾಕೆ ಕಡಿದೆ ಎಂದು ಬರೆದು ಕೊಡಬೇಕು. ಬೆಣ್ಣೆಯ ವಾಸನೆ ಬಂದರೆ ಹುದುಗು ತನ್ನ ಕೆಲಸ ಪೂರ್ತಿ ಮುಗಿಸಿಲ್ಲ ಎಂದು ಅನುಮಾನಿಸಬೇಕು. ಮಳೆಗಾಲದಲ್ಲಿ ನೆನೆದ ಪುಸ್ತಕದ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳಸಿದೆ ಎನ್ನಬೇಕು. ಬ್ರೂವರ್ ಯಾವ ಜಾತಿಯವನು, ಯಾವ ಪ್ರೊಫೆಸರ ಶಿಷ್ಯ ಎಂಬ ಕಾಲಂ ಪಟ್ಟಿಯಲ್ಲಿ ಇಲ್ಲ. ನಮ್ಮ ಸಾಹಿತ್ಯದ ಬಹುಮಾನ ಸಮಿತಿಗಳು ಇಷ್ಟನ್ನಾದರೂ ಕಲಿಯಬಾರದೆ?

ಸರಿ, ಗ್ಲಾಸು ಎತ್ತೋಣ. ನಾವು ತೂಗಿದ್ದು ಬೆಂಗಳೂರಿನ ಒಂದು ಸಣ್ಣ ಬ್ರೂವರಿಯ ಐಪಿಎ. ಅಂಗಡಿಯ ಹೆಸರು ಬೇಡ, ನಮ್ಮ ತಕರಾರು ಅಂಗಡಿಯ ಮೇಲಲ್ಲ.

ನೋಟ: ಹೊಸ ಜೇನಿಗೆ ಕೊಂಚ ತಾಮ್ರ ಬೆರೆಸಿದ ಬಣ್ಣ. ನೊರೆ ಬೆರಳು ದಪ್ಪ; ಇಳಿಯುವಾಗ ಗ್ಲಾಸಿನ ಒಳಮೈಗೆ ಜೇಡರ ಬಲೆಯ ಹಾಗೆ ಅಂಟಿಕೊಂಡು ಇಳಿಯುತ್ತದೆ. ಮೂರಕ್ಕೆ ಮೂರು.

ಪರಿಮಳ: ತಜ್ಞರು ಸಿಟ್ರಸ್ ಎನ್ನುತ್ತಾರೆ, ಪೈನ್ ಎನ್ನುತ್ತಾರೆ, ರೆಸಿನ್ ಎನ್ನುತ್ತಾರೆ, ಮ್ಯಾಂಗೋ ಎನ್ನುತ್ತಾರೆ. ಪೈನ್ ಮರ ನಾವು ಸೊಪ್ಪು ಹೊತ್ತ ಕಾಡಿನದಲ್ಲ. ಹಾಗೆಂದು ನಮ್ಮ ಮೂಗಿಗೆ ಮಾತಿಲ್ಲವೆ? ಮೊದಲು ಬಂದದ್ದು ಕಂಚಿಕಾಯಿಯ ಸಿಪ್ಪೆಯನ್ನು ಉಗುರಲ್ಲಿ ಗೀರಿದಾಗ ಹಾರುವ ಎಣ್ಣೆ. ಅದರ ಬೆನ್ನಿಗೆ ಧೂಪದ ಮರದ ಅಂಟು. ಕೊನೆಗೆ ಅಪ್ಪೆಮಿಡಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ. ಸೊನೆ ಎಂಬ ಒಂದು ಮಾತಿನಲ್ಲಿ ರೆಸಿನ್, ಮ್ಯಾಂಗೋ ಎರಡೂ ಬಂದು ಕೂತವು. ನಮ್ಮ ಹೊಳೆಸಾಲುಗಳಲ್ಲಿ ಮಿಡಿ ಕೊಯ್ಯಲು ಮರ ಹತ್ತುವವನು ತೊಟ್ಟು ಮುರಿದು ಮೂಸಿ, ಇದು ಜೀರಿಗೆ ಮಿಡಿ, ಇದಕ್ಕೆ ಕರ್ಪೂರದ ವಾಸನೆ ಉಂಟು, ಇದು ಉಪ್ಪಿನಲ್ಲಿ ತಾಳುತ್ತದೆ, ಇದು ತಾಳುವುದಿಲ್ಲ ಎಂದು ನಿಂತಲ್ಲೇ ತೀರ್ಪು ಕೊಡುತ್ತಾನೆ. ಅವನ ಕೈಗೆ ಯಾರೂ ಸರ್ಟಿಫಿಕೇಟು ಕೊಟ್ಟಿಲ್ಲ. ಈ ಬಿಯರಿನಲ್ಲಿ ಬೆಚ್ಚಗಾಗುತ್ತ ಹೋದಂತೆ ಹಿಂದಿನಿಂದ ಹೆಚ್ಚಿದ ಈರುಳ್ಳಿಯ ವಾಸನೆ ಇಣುಕಿತು. ಕೆಲವು ಹಾಪ್ಸ್ ತಳಿಗಳ ಗುಣ ಅದು. ಹನ್ನೆರಡಕ್ಕೆ ಒಂಬತ್ತು.

ರುಚಿ: ಹಾಪ್ಸನ್ನು ಬಹಳ ಹೊತ್ತು ಕುದಿಸಿದರೆ ಕಹಿ ಬಿಡುತ್ತದೆ, ಇಳಿಸುವ ಹೊತ್ತಿಗೆ ಹಾಕಿದರೆ ಘಮ ಬಿಡುತ್ತದೆ, ಹುದುಗಿದ ಮೇಲೆ ತಣ್ಣಗೆ ನೆನೆಸಿದರೆ ಘಮ ಇಮ್ಮಡಿಸುತ್ತದೆ. ಮೂರನ್ನೂ ಇಲ್ಲಿ ಮಾಡಿದ್ದಾರೆ, ಕೈ ಬಿಗಿ ಹಿಡಿದಿಲ್ಲ. ಆದರೆ ಬಾರ್ಲಿ ತೆಳುವಾಯಿತು. ಕಹಿ ಬಂದು, ಹೇಳಬೇಕಾದ್ದು ಹೇಳಿ, ಹೋಗಬೇಕು. ಇದು ಕೂತೇ ಬಿಟ್ಟಿತು. ಜೊತೆಗಿದ್ದ ಗೆಳೆಯ ಕೇಳಿದ, ‘ಎಂತ ಮಾರಾಯ ಇದು? ಜ್ವರ ಬಂದಾಗ ಅಮ್ಮ ಕಿರಾತಕಡ್ಡಿ ಕಷಾಯ ಬಿಟ್ಟಿಗೇ ಕೊಡ್ತಿದ್ಲಲ್ಲ!’ ತಮಾಷೆಯೇ ಇರಬಹುದು, ಆದರೆ ವಿಮರ್ಶೆಯ ಮಾತೂ ಹೌದು. ಕಿರಾತಕಡ್ಡಿಯ ಕಹಿಗೆ ಒಂದು ಕೆಲಸ ಇತ್ತು. ಈ ಕಹಿಯ ಕೊನೆಯರ್ಧಕ್ಕೆ ಕೆಲಸ ಕಾಣಲಿಲ್ಲ. ಇಪ್ಪತ್ತಕ್ಕೆ ಹದಿಮೂರು.

ಸ್ಪರ್ಶ: ಒಗರು. ಅಡಿಕೆ ಬೇಯಿಸಿದ ಚೊಗರು ನಾಲಗೆಗೆ ತಾಗಿದರೆ ಬಾಯೆಲ್ಲ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಸೀಸನ್ನಿನಲ್ಲಿ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ನಮ್ಮ ತಾಯಂದಿರ ಬೆರಳ ಕಪ್ಪು ತಿಂಗಳಾದರೂ ಬಿಡುವುದಿಲ್ಲ. ಒಗರಿನ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಐದಕ್ಕೆ ಮೂರು. ಒಟ್ಟು ಅನಿಸಿಕೆಗೆ ಆರು. ಎಲ್ಲ ಸೇರಿ 34. ಪಟ್ಟಿಯ ಲೆಕ್ಕದಲ್ಲಿ 30ರಿಂದ 37ರವರೆಗೆ ‘ಬಹಳ ಚೆನ್ನಾಗಿದೆ’. ನಮ್ಮ ತೀರ್ಪೂ ಅದೇ. ಚೆನ್ನಾದದ್ದನ್ನು ಚೆನ್ನ ಎನ್ನಲು ನಮಗೆ ಹೊಟ್ಟೆಕಿಚ್ಚಿಲ್ಲ.

ಕಹಿಗೆ ಬೆನ್ನೆಲುಬು ಬೇಕೆಂಬ ಮಾತು ಪದ್ಯಕ್ಕೂ ಸಲ್ಲುತ್ತದೆ. ಆದರೆ ಪಂಡಿತರು ಹದ ಎಂದಾಗ ಕೇಳುವುದು ಬೆನ್ನೆಲುಬನ್ನಲ್ಲ, ಸಕ್ಕರೆಯನ್ನು. ಐಪಿಎಗೆ ಯಾರೂ ಸಕ್ಕರೆ ಹಾಕಿ ಕೊಡಿ ಎನ್ನುವುದಿಲ್ಲ. ಕಾಳು ಗಟ್ಟಿಯಾಗಿರಲಿ ಎನ್ನುತ್ತಾರೆ. ನಮ್ಮ ಪದ್ಯದ ಕಾಳು ನಮ್ಮ ಬದುಕು. ಅದು ಗಟ್ಟಿಯಾಗಿದೆಯೋ ಇಲ್ಲವೋ ಅದನ್ನು ನೋಡಿ ಹೇಳಿ. ಕಹಿಯನ್ನು ಕಡಿಮೆ ಮಾಡು ಎನ್ನುವುದು ವಿಮರ್ಶೆಯಲ್ಲ, ಅಪ್ಪಣೆ.

3

ಈ ಪಟ್ಟಿಯನ್ನು ಹಿಡಿದುಕೊಂಡು ಊರಿಗೆ ಬಂದರೆ ಕಣ್ಣಿಗೆ ಬೀಳುವುದು ಬೈನೆ ಮರ. ಸಾಗರದ ಕಡೆ ಬೈನೆ ಎಂದರೆ ತೀರ್ಥಹಳ್ಳಿಯ ಕಡೆ ಬಗನಿ. ಬೆಂಗಳೂರಿನ ಅರ್ಬರ್ ಬ್ರೂಯಿಂಗ್ ಕಂಪನಿ ತನ್ನ ಐಪಿಎಗೆ ‘ರೇಜಿಂಗ್ ಎಲಿಫೆಂಟ್’ ಎಂದು ಹೆಸರಿಟ್ಟಿತು. ಕೆರಳಿದ ಆನೆ ಎಂದರ್ಥ. ನಿಜವಾದ ಆನೆಗೆ ಪ್ರೀತಿ ಈ ಬೈನೆಯ ಮೇಲೆ. ಮರಕ್ಕೆ ವಯಸ್ಸು ತುಂಬಿದಾಗ ತುದಿಯಿಂದ ಕೆಳಕ್ಕೆ ಒಂದೊಂದಾಗಿ ಗೊನೆ ಬಿಡುತ್ತ ಬರುತ್ತದೆ. ಕೊನೆಯ ಗೊನೆ ಬಿಟ್ಟಮೇಲೆ ಸಾಯುತ್ತದೆ. ಬದುಕಿನಲ್ಲಿ ಅದಕ್ಕೆ ಒಂದೇ ಸುಗ್ಗಿ. ತಿರುಳು ಬರಗಾಲದಲ್ಲಿ ಹಿಟ್ಟಾಯಿತು, ಕಾಂಡದ ಕರಿಯ ಕೆಚ್ಚು ಒನಕೆಯಾಯಿತು.

ಮರ ಕಟ್ಟುವವನು ಕವಲು ಉಳಿಸಿದ ಬಿದಿರಿನ ಗಳವನ್ನು ಮರಕ್ಕೆ ಬಿಗಿದು ಅದರ ಮೇಲೆ ಹತ್ತುತ್ತಾನೆ. ಬಿಚ್ಚದ ಗೊನೆಯನ್ನು ಬಿಗಿದು, ದಿನವೂ ಹದವಾಗಿ ಬಡಿದು, ಕಾಗದದಷ್ಟು ತೆಳುವಾಗಿ ಕೆತ್ತಿ, ಕೆಳಗೆ ಮಡಕೆ ಕಟ್ಟುತ್ತಾನೆ. ಜೋರು ಬಡಿದರೆ ಗೊನೆ ಕೆಟ್ಟಿತು, ಕಡಿಮೆ ಬಡಿದರೆ ರಸ ಇಳಿಯದು. ದಪ್ಪ ಕೆತ್ತಿದರೆ ಗೊನೆ ಬೇಗ ಮುಗಿಯಿತು. ಮಡಕೆಗೆ ಸುಣ್ಣ ಬಳಿದರೆ ರಸ ಸಿಹಿಯಾಗಿಯೇ ಉಳಿದು ಬೆಲ್ಲಕ್ಕೆ ಆಗುತ್ತದೆ. ಸುಣ್ಣ ಇಲ್ಲದ ಮಡಕೆಯಲ್ಲಿ ಹಿಂದಿನ ದಿನದ ಗಸಿಯೇ ಹುದುಗು. ಬೆಳಗ್ಗೆ ಸಿಹಿ, ಹೊತ್ತೇರಿದಾಗ ನೊರೆ, ಸಂಜೆಗೆ ಖಾರ, ಮರುದಿನಕ್ಕೆ ಹುಳಿ, ಆಮೇಲೆ ವಿನೆಗರು. ಒಂದೇ ಮಡಕೆಗೆ ದಿನದೊಳಗೆ ನಾಲ್ಕು ವಯಸ್ಸು. ಯಾವ ವಯಸ್ಸಿನಲ್ಲಿ ಇಳಿಸಬೇಕು ಎಂದು ತೀರ್ಮಾನಿಸುವ ನಾಲಗೆ ಯಾವ ಜಡ್ಜಿನ ನಾಲಗೆಗೆ ಕಡಿಮೆ? ಪಬ್ಬಿನಲ್ಲಿ ಬ್ರೂಮಾಸ್ಟರ್ ಎಂಬ ಮಾತು ಕೇಳಿದೆವು. ನಮ್ಮ ಊರಿನಲ್ಲಿ ಇದೇ ವಿದ್ಯೆ ಉಳ್ಳವನಿಗೆ ಇದ್ದ ಹೆಸರು ಬರೀ ಜಾತಿಯ ಹೆಸರು.

ಕುಪ್ಪಳಿಯ ಕುವೆಂಪು 1936ರಲ್ಲಿ ‘ಕಾನೂರು ಹೆಗ್ಗಡಿತಿ’ ಬರೆದಾಗ ಹಳೆಪೈಕದ ತಿಮ್ಮನನ್ನೂ ಅವನ ಬಗನಿ ಮರವನ್ನೂ ಕಾದಂಬರಿಯ ಒಳಕ್ಕೆ ಕರೆತಂದರು. ಅದಕ್ಕೆ ನಾವು ಋಣಿಗಳು. ಆದರೆ ಒಟ್ಟಿನಲ್ಲಿ ಕನ್ನಡ ಸಾಹಿತ್ಯಕ್ಕೆ ಹೆಂಡ ಎಂದರೆ ಅಮಲು, ತೊದಲು ಮಾತು, ತೂರಾಡುವ ಕಾಲು. ಕುಡಿದವನ ಕಾಲು ಕಂಡಿತು. ಕಟ್ಟಿದವನ ಕೈ, ನಾಲಗೆ ಕಾಣಲಿಲ್ಲ.

ಇನ್ನೊಂದು ಮಾತು ಬಾಕಿ ಇದೆ, ಅದನ್ನು ನುಂಗಿಕೊಂಡು ಹೋಗುವಂತಿಲ್ಲ. ಐಪಿಎಯ ರಸಿಕರು ಗ್ಲಾಸಿನ ಆಕಾರದ ಬಗ್ಗೆ ಬಹಳ ಹೇಳುತ್ತಾರೆ: ಬಾಯಿ ಕಿರಿದಾಗಿರಬೇಕು, ಹೊಟ್ಟೆ ಅಗಲವಿರಬೇಕು, ಆಗ ಪರಿಮಳ ನಿಲ್ಲುತ್ತದೆ. ನಮ್ಮ ಅಜ್ಜಂದಿರಿಗೂ ಪಾತ್ರೆಯ ಶಾಸ್ತ್ರ ಗೊತ್ತಿತ್ತು. ಅವರದು ತೆಂಗಿನ ಕರಟ. ಪರಿಮಳಕ್ಕಾಗಿ ಅಲ್ಲ, ಅಂಗಡಿಯ ಲೋಟ ಅವರು ಮುಟ್ಟುವಂತಿರಲಿಲ್ಲ ಎಂಬುದಕ್ಕಾಗಿ. ದೂರ ಕೂತು, ಮೇಲಿನಿಂದ ಹೊಯ್ದದ್ದನ್ನು ಕರಟದಲ್ಲಿ ಹಿಡಿದು ಕುಡಿದರು. ಹೆಂಡ ಅದೇ ಮರದ್ದು, ಅದೇ ಮಡಕೆಯದು. 50 ಅಂಕದ ಪಟ್ಟಿಯಲ್ಲಿ ಆ ದೂರಕ್ಕೆ ಎಷ್ಟು ಅಂಕ ಕಡಿಯುತ್ತೀರಿ? ಮರ ಕಟ್ಟಿದವನೂ ಕೆಳಗಿನವನೇ. ಆದರೆ ಅವನಿಗಿಂತ ಕೆಳಗೆ ಕರಟದವನು ಕೂತಿದ್ದ. ಮರವನ್ನು ಹೊಗಳುವ ಭರದಲ್ಲಿ ಈ ಮೆಟ್ಟಿಲನ್ನು ಮರೆತರೆ ನಮ್ಮದೂ ಒಂದು ರಸಿಕತೆಯಾಗಿ ಬಿಡುತ್ತದೆ.

4

ಅಳತೆಯ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗದ ವಿಷಯಕ್ಕೆ. ಗೇಣಿ ಭತ್ತ ಅಳೆದುಕೊಳ್ಳುವ ಒಡೆಯರ ಕೊಳಗ ನ್ಯಾಯದ ಕೊಳಗಕ್ಕಿಂತ ದೊಡ್ಡದಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷ ಜೊತೆಗೆ ಬಂತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ತೀರ್ಥಹಳ್ಳಿ ತಾಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ಶಾಸನಸಭೆಗೆ ಹೋದರು. ಮೂರು ತಾಲೂಕುಗಳ ನೆನಪು ಒಂದು ಕೊಳಗದ ಸುತ್ತ ಕೂಡಿಕೊಂಡಿದೆ. ಗಮನಿಸಬೇಕಾದ ಸಂಗತಿ ಏನೆಂದರೆ, ಅಂದಿನ ಗೇಣಿದಾರರು ಕೊಳಗವನ್ನು ಒಡೆದುಹಾಕಿ, ಅಳೆಯುವುದೇ ಬೇಡ ಎನ್ನಲಿಲ್ಲ. ಕೊಳಗ ನ್ಯಾಯವಾಗಿರಲಿ ಎಂದರು.

ನಾವೂ ಅಷ್ಟೇ. ರುಚಿಗೆ ಅಳತೆ ಬೇಡ, ಎಲ್ಲರ ನಾಲಗೆಯೂ ಸಮ ಎಂಬ ಸೋಮಾರಿ ಮಾತು ನಮ್ಮದಲ್ಲ. ಕೆಟ್ಟ ಹೆಂಡ ಕೆಟ್ಟದ್ದೇ, ಕೆಟ್ಟ ಪದ್ಯ ಕೆಟ್ಟದ್ದೇ. ಆದರೆ ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಇನ್ನೊಂದು ಕೊಳಗ ಆಗಬಾರದು. ಐಪಿಎಯ ಮಸುಕನ್ನು ಕುಶಲತೆ ಎನ್ನುವ ಕಣ್ಣು ಬೈನೆ ಹೆಂಡದ ಮಸುಕನ್ನು ಕೊಳಕು ಎನ್ನುತ್ತದೆ. ಬೆಲ್ಜಿಯಂನ ಹುಳಿ ಬಿಯರನ್ನು ಹೊಗಳುವ ಮೂಗು ಶಾಲೆಯ ಬೆಂಚಿನಲ್ಲಿ ನಮ್ಮ ಪಕ್ಕ ಕೂತು ‘ಹೆಂಡದ ವಾಸನೆ’ ಎಂದು ಸರಿದು ಕೂತಿತ್ತು.

ಕಾನೂನಿನ ಕೊಳಗವೂ ಹೀಗೆಯೇ. ಬ್ರಿಟಿಷರ ಕಾಲದಿಂದ ಅಬ್ಕಾರಿ ಎಂದರೆ ಸರ್ಕಾರದ ಬೊಕ್ಕಸ. ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಬಡವನ ಗಂಟಲಿನಿಂದ ಖಜಾನೆಗೆ ಕಾಲುವೆ ತೋಡಿದರು. ಸ್ವಾತಂತ್ರ್ಯ ಬಂದಮೇಲೂ ಆ ಕಾಲುವೆ ಬತ್ತಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಒಳ್ಳೆಯದೇ ಆಯಿತು. ಆದರೆ ಕುಡಿತ ನಿಂತಿತೆ? ಪಾಕೀಟು ಹೋಗಿ ಅಗ್ಗದ ವಿಸ್ಕಿ ಬಂತು, ಕೂಲಿಯವನ ಜೇಬು ಇನ್ನಷ್ಟು ಹರಿಯಿತು. ಮೂರು ವರ್ಷ ಕಳೆಯುವುದರೊಳಗೆ ನಗರದಲ್ಲಿ ಗಾಜಿನ ಗೋಡೆಯ ಹಿಂದೆ ತಾಮ್ರದ ಹಂಡೆಗಳು ಹೊಳೆಯತೊಡಗಿದವು. ಅಲ್ಲಿ ಬಿಯರು ಕಾಯಿಸುವವನು ಪತ್ರಿಕೆಯಲ್ಲಿ ಕಲಾವಿದ. ಇಲ್ಲಿ ಪರವಾನಗಿ ಇಲ್ಲದೆ ಮರ ಕಟ್ಟಿದವನು ಅಬ್ಕಾರಿ ಕಾಯ್ದೆಯ ಕೆಳಗೆ ಅಪರಾಧಿ. ಇಬ್ಬರೂ ಮಾಡಿದ್ದು ಒಂದೇ: ಸಕ್ಕರೆಯ ನೀರನ್ನು ಹುದುಗಿಗೆ ಬಿಟ್ಟು ಕಾದದ್ದು.

ಆ ನೀರಿನ ಕಥೆಯೂ ಇದೆ. ಬಿಯರಿನ ಗ್ಲಾಸಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. 1964ರಲ್ಲಿ ಸಾಗರ ತಾಲೂಕಿನ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಕಣಿವೆಯ ಊರುಗಳು ಮುಳುಗಿದವು, ನಾಡಿಗೆ ಬೆಳಕಾಯಿತು. 2019ರಲ್ಲಿ ಅದೇ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಎದ್ದಾಗ ಶಿವಮೊಗ್ಗ ಜಿಲ್ಲೆ ಬಂದ್ ಮಾಡಿ ಬೇಡ ಎಂದಿತು. ಬರ್ಟನ್ನಿನ ನೀರಿನಿಂದ ರುಚಿ ಬಂತು ಎಂದು ರಸಿಕರು ಕಥೆ ಹೇಳುತ್ತಾರೆ. ನೀರು ಯಾರ ಮನೆ ಮುಳುಗಿಸಿ ಬಂತು ಎಂಬುದು ರುಚಿಯ ಮಾತಲ್ಲವೆ? ಒಟ್ಟು ಅನಿಸಿಕೆ ಎಂಬ ಕಾಲಂಗೆ ಹತ್ತು ಅಂಕ ಇಟ್ಟಿದ್ದೀರಿ. ಆ ಒಟ್ಟಿನಲ್ಲಿ ಇದೆಲ್ಲ ಸೇರಬೇಡವೆ?

5

ಇಷ್ಟು ಹೇಳಿದ್ದಕ್ಕೆ ನಾವು ಹೆಂಡದ ಪರ ವಕಾಲತ್ತು ಹಾಕುತ್ತಿದ್ದೇವೆ ಎಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಕೇರಿಗಳಲ್ಲಿ ಕುಡಿತ ಕಟ್ಟಿದ ಗೋರಿಗಳ ಲೆಕ್ಕ ನಮಗೆ ಗೊತ್ತು. ಶನಿವಾರದ ಬಟವಾಡೆ ಮನೆ ಮುಟ್ಟದೆ ಹೋದ ರಾತ್ರಿಗಳಲ್ಲಿ ಒಲೆ ಹತ್ತಲಿಲ್ಲ, ಅವ್ವನ ಬೆನ್ನಿನ ಮೇಲೆ ಬಾಸುಂಡೆ ಹತ್ತಿತು. ಸಾರಾಯಿ ಬೇಡ ಎಂದು ದಲಿತ ಚಳವಳಿ ಬೀದಿಗಿಳಿದದ್ದು ಯಾರದೋ ನೀತಿಪಾಠ ಓದಿ ಅಲ್ಲ. ಆ ಒಲೆಗಳನ್ನು ನೋಡಿ. ಬೈನೆ ಮರದ ಮೇಲೆ ಪ್ರವಾಸೋದ್ಯಮದ ಬೋರ್ಡು ಹಾಕಿ, ‘ದೇಸಿ ಕ್ರಾಫ್ಟ್’ ಎಂದು ಹೆಸರಿಟ್ಟು, ರೆಸಾರ್ಟಿನಲ್ಲಿ ಮಾರುವ ಬುದ್ಧಿವಂತರು ನಾಳೆ ಬರುತ್ತಾರೆ. ಆಗಲೂ ಕಟ್ಟುವವನಿಗೆ ಸಿಗುವುದು ದಿನಗೂಲಿ, ಅಂಕ ಸಿಗುವುದು ಬೋರ್ಡಿನವನಿಗೆ. ನಾವು ಕೇಳುತ್ತಿರುವುದು ಅದನ್ನಲ್ಲ.

ನಾವು ಕೇಳುತ್ತಿರುವುದು ನಾಲಗೆಯ ಹಕ್ಕನ್ನು. ಕುಡಿಯದೆ ಇರುವವರಿಗೂ ನಾಲಗೆ ಉಂಟು. ತೂರಾಡಿ ಬಂದವನಿಗೆ ಬಡಿಸಿ, ಉಳಿದ ಗಂಜಿ ಕುಡಿದ ಹೆಂಗಸಿಗೆ ಆ ಮಡಕೆಯ ಬಗ್ಗೆ ಒಂದು ತೀರ್ಪು ಇದೆ. ಅದನ್ನು ಯಾವ ಪಟ್ಟಿಯೂ ಕೇಳಿಲ್ಲ. ಮಿಡಿಯ ತೊಟ್ಟು ಮೂಸುವವನಿಗೆ ಇದೆ, ಚೊಗರು ಕುದಿಸುವವನಿಗೆ ಇದೆ, ಕರಟ ಹಿಡಿದವನಿಗೆ ಇದೆ. ಕನ್ನಡದಲ್ಲಿ ಸೊನೆ, ಒಗರು, ಚೊಗರು, ಗಸಿ ಎಂಬ ಮಾತುಗಳು ಇವರ ಬಾಯಿಂದ ಬಂದವು. ಇವುಗಳ ಮುಂದೆ ಇಂಗ್ಲಿಷಿನ ರುಚಿಪಟ್ಟಿ ಇಟ್ಟು ನೋಡಿದೆವು. ನಮ್ಮ ಮಾತು ಒಂದು ಕಡೆಯೂ ಸೋಲಲಿಲ್ಲ. ಹೀಗಿದ್ದೂ ಇದೇ ಮಾತುಗಳಲ್ಲಿ ಬರೆದ ಪದ್ಯಕ್ಕೆ ‘ಭಾಷೆ ಒರಟು’ ಎಂದು ಅಂಕ ಕಡಿಯುತ್ತಾರೆ.

ಪಂಡಿತರಿಗೆ ನಮ್ಮ ವಿನಂತಿ ಇಷ್ಟೇ. ನಮ್ಮ ಪದ್ಯವನ್ನು ಧಾರಾಳವಾಗಿ ತೂಗಿ, ರಿಯಾಯಿತಿ ಬೇಡ. 50ಕ್ಕೆ 34 ಬಂದರೆ 34 ಎಂದೇ ಬರೆಯಿರಿ, 20 ಬಂದರೆ 20 ಎನ್ನಿ. ಆದರೆ ಐಪಿಎಯ ಗ್ಲಾಸಿಗೆ ಹಿಡಿದ ಕೊಳಗವನ್ನೇ ಹಿಡಿಯಿರಿ. ಕಹಿ ಎಷ್ಟಿದೆ ಎಂದಷ್ಟೇ ಕೇಳಬೇಡಿ. ಕಾಳು ಯಾವುದು, ನೀರು ಎಲ್ಲಿಯದು, ಕುದಿಸಿದವರು ಯಾರು, ಎಷ್ಟು ಹೊತ್ತು ಕುದಿಯಿತು ಎಂದೂ ಕೇಳಿ. ಮತ್ತೆ, ಅಳೆಯುವಾಗ ಗೇಣಿದಾರನೂ ಎದುರಿಗೆ ನಿಂತು ನೋಡುತ್ತಾನೆ. ಕಾಗೋಡಿನ ಮೇಲೆ ಆ ಪದ್ಧತಿ ನಮ್ಮ ಸೀಮೆಯಲ್ಲಿ ಜಾರಿಯಲ್ಲಿದೆ.